ಮಾಸ್ಟರ ಕಾಲುಚೀಲ

ಅಂಗಿ ಹೊಲಿಸಲು ಬಂದವರ ಅಳತೆ ತೆಗೆಯುವ ಮೊದಲು ದರ್ಜಿ ಮಾಸ್ಟರು ಕೇಳುತ್ತಿದ್ದ ಪ್ರಶ್ನೆ ಒಂದೇ. "ವಾಚು ಯಾವ ಕೈಗೆ ಕಟ್ತೀರಿ?" ಎಡಗೈ ಎಂದರೆ ಎಡ ತೋಳಿನ ಕಫ್ಫು ಬಲಗಡೆಯದಕ್ಕಿಂತ ಕೊಂಚ ಸಡಿಲ. ಗುಂಡಿ ಹಾಕಿದಾಗ ವಾಚಿನ ಮುಖ ಅರ್ಧ ಹೊರಗೆ, ಅರ್ಧ ಒಳಗೆ ಇರಬೇಕು. ಪೂರ್ತಿ ಕಂಡರೆ ಜಂಬ, ಪೂರ್ತಿ ಮುಚ್ಚಿದರೆ ಕಟ್ಟಿಯೂ ದಂಡ ಎಂಬುದು ಅವರ ಸಿದ್ಧಾಂತ. ವಾಚೇ ಕಟ್ಟುವುದಿಲ್ಲ ಎಂದ ಗಿರಾಕಿಯನ್ನು ಅವರು ಪಾಪ ಅನ್ನುವಂತೆ ಒಮ್ಮೆ ನೋಡಿ, ಆಮೇಲೆ ಟೇಪು ಎತ್ತಿಕೊಳ್ಳುತ್ತಿದ್ದರು.

ಅವರ ಸ್ವಂತ ವಾಚು, ಮದುವೆಯಾದ ಹೊಸದರಲ್ಲಿ ಹೆಂಡತಿ ತನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದು. ದಿನಕ್ಕೊಮ್ಮೆ ಕೀ ಕೊಡಬೇಕಾದ ಹಳೇ ಮಾದರಿ. ತಂದ ವಾರದಲ್ಲೇ ಮಾಸ್ಟರು ಕೀ ತಿರುಗಿಸಿ ತಿರುಗಿಸಿ ಸ್ಪ್ರಿಂಗ್ ಮುರಿದಿದ್ದರು. ತಪ್ಪು ಅವರದಲ್ಲ, ಹೆಬ್ಬೆರಳಿನದು. ಸೂಜಿ ತಳ್ಳಿ ತಳ್ಳಿ ಜಡ್ಡುಗಟ್ಟಿದ ಬೆರಳಿಗೆ ಕೀ ಎಲ್ಲಿ ಬಿಗಿಯಾಯಿತು ಎಂಬುದು ತಿಳಿಯುವುದಿಲ್ಲ. ರಿಪೇರಿಯಾಗಿ ಬಂದ ದಿನ ಹೆಂಡತಿ, "ಇನ್ಮೇಲೆ ಇದನ್ನ ನೀವು ಮುಟ್ಟಬೇಡಿ," ಎಂದು ಅಪ್ಪಣೆ ಮಾಡಿದಳು. ಅಂದಿನಿಂದ ಪ್ರತಿ ಬೆಳಗ್ಗೆ ಕೀ ಕೊಡುವವಳೂ ಅವಳೇ, ಕೈಗೆ ಕಟ್ಟುವವಳೂ ಅವಳೇ. ಹಿಂದಿನ ದಿನ ಎಂಥ ಜಗಳವಾಗಿದ್ದರೂ ಇವರು ಕೈ ಚಾಚಲೇಬೇಕು, ಅವಳು ಹಿಡಿಯಲೇಬೇಕು. ಎಷ್ಟೋ ಜಗಳಗಳು ಬಕಲ್ ಹಾಕುವಷ್ಟರಲ್ಲಿ ಮುಗಿದುಹೋಗಿವೆ.

ಹೀಗಿರುವಾಗ ಡಾಕ್ಟರಮ್ಮ ಮಾಸ್ಟರ ರಕ್ತಪರೀಕ್ಷೆಯ ವರದಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಡೀ ದಿನ ಕೂತೇ ಇರ್ತೀರಾ?"

"ನಿಂತ್ಕೊಂಡು ಹೊಲಿಯೋಕಾಗಲ್ವಲ್ಲ ಮೇಡಂ."

"ಹಾಗಾದ್ರೆ ಹೊಲಿಯೋದು ಮುಗಿಸಿ ನಡೀರಿ. ದಿನಾ ನಡೀಬೇಕು. ಮುಂದಿನ ಸಲ ಬರೋಷ್ಟರಲ್ಲಿ ಸಕ್ಕರೆ ಇಳೀದಿದ್ರೆ ಇಂಜೆಕ್ಷನ್ ಶುರು ಮಾಡ್ತೀನಿ."

ಜೀವಮಾನವೆಲ್ಲ ಸೂಜಿಯೊಂದಿಗೆ ಸಂಸಾರ ಮಾಡಿದ ಮನುಷ್ಯ ಬೆವರಿಬಿಟ್ಟರು. ಸೂಜಿ ಹಿಡಿಯುವ ಕಡೆ ಇರುವುದು ಬೇರೆ, ಚುಚ್ಚಿಸಿಕೊಳ್ಳುವ ಕಡೆ ಇರುವುದು ಬೇರೆ.

ಪರ ಊರಿನಲ್ಲಿದ್ದ ಮಗಳಿಗೆ ಸುದ್ದಿ ಮುಟ್ಟಿದ್ದೇ ತಡ, ಪಾರ್ಸೆಲ್‌ನಲ್ಲಿ ಹೆಜ್ಜೆ ಎಣಿಸುವ ಪಟ್ಟಿಯೊಂದು ಬಂತು. ಕಪ್ಪು ರಬ್ಬರು, ನಡುವೆ ಒಂದು ಪುಟ್ಟ ಗಾಜು. ಅಪ್ಪ ಎಷ್ಟು ನಡೆದರೂ ಅವಳ ಫೋನಿನಲ್ಲಿ ಕಾಣುತ್ತದಂತೆ. "ಎಡಗೈಗೇ ಕಟ್ಕೋ ಅಪ್ಪ, ಯಾವಾಗ್ಲೂ ಇರಲಿ," ಎಂದು ತಾಕೀತು ಮಾಡಿದಳು.

ಮರುದಿನ ಬೆಳಗ್ಗೆ ಹೆಂಡತಿ ಕೀ ಕೊಟ್ಟ ವಾಚು ಹಿಡಿದು ಬಂದಳು. ಮಣಿಕಟ್ಟಿನ ಮೇಲೆ ರಬ್ಬರು ಕಂಡಿತು. "ಓ, ಇದ್ರಲ್ಲೇ ಟೈಮ್ ಬರುತ್ತಲ್ಲ," ಎಂದವಳೇ ವಾಚನ್ನು ಡಬ್ಬಿಗೆ ಹಾಕಿ ಒಳಗೆ ಹೋದಳು. ಚಾಚಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಮಾಸ್ಟರು ಅದರಿಂದಲೇ ತಲೆ ಕೆರೆದುಕೊಂಡರು. ಅವರಿಗೆ ನಿಜವಾಗಿಯೂ ಸಂಕಟವಾಯಿತು.

ಅಂಗಡಿಯಲ್ಲಿ ಇನ್ನೊಂದು ಕಾಟ. ಹಳೇ ಗಿರಾಕಿ ವಕೀಲರು ಕಫ್ಫಿನಿಂದ ಇಣುಕುತ್ತಿದ್ದ ರಬ್ಬರನ್ನು ನೋಡಿ, "ಆಸ್ಪತ್ರೆಯಿಂದ ಯಾವಾಗ ಬಿಟ್ರು ಮಾಸ್ಟರೇ?" ಎಂದು ಕನಿಕರದಿಂದ ವಿಚಾರಿಸಿದರು. ಮಾರನೇ ದಿನ ಮಾಸ್ಟರು ವಾಚನ್ನೂ ಪಟ್ಟಿಯನ್ನೂ ಒಂದೇ ಕೈಗೆ ಕಟ್ಟಿಸಿಕೊಂಡರು. ಗುಂಡುಸೂಜಿ ಚುಚ್ಚುವ ಪುಟ್ಟ ದಿಂಬು ಮೊದಲೇ ಅಲ್ಲಿತ್ತು. ಮೂರೂ ಸೇರಿ ಕೈ ಒಂದು ಸ್ಟೇಷನರಿ ಅಂಗಡಿಯಾಯಿತು, ಕಫ್ಫಿನ ಗುಂಡಿ ಹಾಕಲು ಬರಲಿಲ್ಲ. ಗುಂಡಿ ಹಾಕದ ಕಫ್ಫು ತೊಟ್ಟು ಕೂರುವುದಕ್ಕಿಂತ ಅಂಗಡಿ ಮುಚ್ಚುವುದು ಮೇಲು. ಬಲಗೈಗೆ ಬದಲಾಯಿಸಿದರೆ ಕತ್ತರಿ ಓಡಿಸುವಾಗ ರಬ್ಬರು ಬಟ್ಟೆಗೆ ತಗುಲಿ ಗೆರೆ ತಪ್ಪುತ್ತಿತ್ತು.

ಕೊನೆಗೆ ಹೊಳೆಯಿತು. ನಡೆಯುವುದು ಕೈಯಲ್ಲ, ಕಾಲು. ಹಾಗಿದ್ದ ಮೇಲೆ ಹೆಜ್ಜೆ ಎಣಿಸುವ ಪಟ್ಟಿ ಕಾಲಿಗೇ ಇದ್ದರೆ ಏನು ತಪ್ಪು? ಬಲ ಕಣಕಾಲಿಗೆ ಪಟ್ಟಿ ಬಿಗಿದು, ಮೇಲೆ ಕಾಲುಚೀಲ ಎಳೆದುಕೊಂಡರು. ಎಡಗೈ ಮತ್ತೆ ಹೆಂಡತಿಯ ಕೈ ಸೇರಿತು. ವಾಚಿನ ಮುಖ ಮತ್ತೆ ಅರ್ಧ ಹೊರಗೆ, ಅರ್ಧ ಒಳಗೆ. ನಾಳೆಯಿಂದ ನಡೆದೇಬಿಡುತ್ತೇನೆ ಎಂದು ಅವರು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯಲ್ಲಿ ಮೋಸವಿರಲಿಲ್ಲ.

ಅದೇ ಸಂಜೆ ಅಂಗಡಿಯಲ್ಲಿದ್ದಾಗಲೇ ಮಗಳ ಫೋನು. "ಅಪ್ಪ, ಇವತ್ತು ಎಷ್ಟೊಂದು ನಡೆದಿದ್ದೀಯ! ನಂಗೆ ನಂಬೋಕೇ ಆಗ್ತಿಲ್ಲ."

ಮಾಸ್ಟರಿಗೂ ನಂಬಲಾಗಲಿಲ್ಲ. ಅಂದು ಅವರು ಮನೆಯಿಂದ ಅಂಗಡಿಗೆ ಬಂದದ್ದು ಬಿಟ್ಟರೆ ಎಲ್ಲೂ ಹೋಗಿರಲಿಲ್ಲ. ಕಣ್ಣು ತಾನಾಗಿಯೇ ಎದುರಿಗಿದ್ದ ಕಾಲ್ತುಳಿ ಮಷೀನಿನ ಮೇಲೆ ಬಿತ್ತು. ಊರೆಲ್ಲ ಮೋಟರು ಹಾಕಿಸಿಕೊಂಡರೂ ಇವರು ಹಾಕಿಸಿರಲಿಲ್ಲ. ಹೊಲಿಗೆ ಎಲ್ಲಿ ನಿಧಾನವಾಗಬೇಕು ಎಂಬುದು ಪಾದಕ್ಕೆ ಗೊತ್ತಾಗುವಂತೆ ಮೋಟರಿಗೆ ಗೊತ್ತಾಗುವುದಿಲ್ಲ ಎಂದು ಹಟ ಹಿಡಿದಿದ್ದರು. ಬೆಳಗಿನಿಂದ ಆ ಪೆಡಲು ತುಳಿದದ್ದನ್ನೆಲ್ಲ ಪಟ್ಟಿ ನಿಷ್ಠೆಯಿಂದ ಹೆಜ್ಜೆ ಎಂದೇ ಎಣಿಸಿತ್ತು.

ಹೇಳಿಬಿಡೋಣವೆಂದು ಮಾಸ್ಟರು ಬಾಯಿ ತೆರೆದರು. ಅಷ್ಟರಲ್ಲಿ ಮಗಳು, "ಎಷ್ಟು ದಿನದಿಂದ ಭಯದಲ್ಲೇ ಇದ್ದೆ, ಇವತ್ತು ನಿದ್ದೆ ಬರುತ್ತೆ," ಎಂದಳು. ತೆರೆದ ಬಾಯಿಂದ, "ಹೂಂ ಕಣಮ್ಮ, ನಡೆದೆ," ಎಂಬ ಮಾತು ಹೊರಬಿತ್ತು.

ಒಂದು ಸಲ ನಡೆದ ಮೇಲೆ ನಿಲ್ಲುವುದು ಕಷ್ಟ. ಮಗಳು ಉತ್ಸಾಹದಿಂದ ಸೋದರಮಾವನನ್ನೂ ಸೇರಿಸಿಕೊಂಡು ಮನೆಮಂದಿಯಲ್ಲೇ ಒಂದು ಪಂದ್ಯ ಹೂಡಿದಳು. ಮಾಸ್ಟರ ಈ ಭಾವಮೈದುನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ. ಬೆಳಗಿನ ನಡಿಗೆಗೆ ಬಣ್ಣದ ಬೂಟು, ಅದಕ್ಕೊಪ್ಪುವ ಟೋಪಿ ಇಟ್ಟುಕೊಂಡಿದ್ದ ಆಸಾಮಿ. ಗೆಲ್ಲುವುದು ತಾನೇ ಎಂದು ಮೀಸೆ ತಿರುವಿದ. ಆದರೆ ಅದು ಶಾಲೆ ಶುರುವಾಗುವ ಮುಂಚಿನ ಕಾಲ. ಮಾಸ್ಟರ ಅಂಗಡಿಯಲ್ಲಿ ಸಮವಸ್ತ್ರಗಳ ಗುಡ್ಡವೇ ಬಿದ್ದಿತ್ತು. ಪೆಡಲಿಗೆ ಬಿಡುವಿಲ್ಲ. ಭಾವಮೈದುನ ಬೆಳಗ್ಗೆ ನಡೆದ, ಸಂಜೆ ನಡೆದ, ಬ್ಯಾಂಕಿನ ಮೆಟ್ಟಿಲು ಹತ್ತಿ ಇಳಿದ, ಹಲ್ಲುಜ್ಜುತ್ತಾ ವರಾಂಡ ಸುತ್ತಿದ. ಪ್ರತಿ ದಿನ ಸೋತ. ತಿಂಗಳು ತುಂಬುವಷ್ಟರಲ್ಲಿ ಮಂಡಿ ಕೈಕೊಟ್ಟಿತು.

ಒಂದು ಮಧ್ಯಾಹ್ನ ಅವನು ಕುಂಟುತ್ತಾ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದ. ಮಾಸ್ಟರು ಸಣ್ಣ ನಿಕ್ಕರೊಂದರ ಅಂಚು ಹೊಲಿಯುತ್ತಿದ್ದರು.

"ಭಾವ, ನೀವು ನಡೆಯೋದು ಯಾವಾಗ ಅಂತ ಒಂದು ಸಲ ಹೇಳಿಬಿಡಿ. ನಾನೂ ಜೊತೆಗೆ ಬರ್ತೀನಿ."

ಉತ್ತರ ಹುಡುಕುವಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಸೋದರಸೊಸೆಯ ಧ್ವನಿ ಅಂಗಡಿಗೆಲ್ಲ ಕೇಳುವಂತೆ ಇಟ್ಟ.

"ಮಾಮ, ಅಪ್ಪನ್ನ ನೋಡಿ ಕಲಿ. ಈ ಬಿಸಿಲಲ್ಲೂ ನಡೀತಿದ್ದಾರೆ."

"ನಿಮ್ಮಪ್ಪ ನನ್ನೆದುರಿಗೇ ಕೂತಿದ್ದಾರಲ್ಲೇ."

ಮಾಸ್ಟರ ಪಾದ ಗಕ್ಕನೆ ನಿಂತಿತು.

"ಈಗ ನಿಂತ್ರು," ಎಂದಳು ಮಗಳು. "ಸುಸ್ತಾಗಿರ್ಬೇಕು, ಪಾಪ."

ಅಂಚು ಅರ್ಧಕ್ಕೆ ನಿಂತಿತ್ತು. ಮಾಸ್ಟರು ಅಭ್ಯಾಸಬಲದಿಂದ ಎರಡು ಸಲ ತುಳಿದರು.

"ಮತ್ತೆ ಹೊರಟ್ರು ನೋಡು."

ಭಾವಮೈದುನ ಮಷೀನು ನೋಡಿದ, ಪೆಡಲು ನೋಡಿದ, ಬಲಗಾಲಿನ ಕಾಲುಚೀಲ ನೋಡಿದ. "ನಿನ್ನ ಫೋನಿಗೇನೋ ಆಗಿದೆ, ಆಮೇಲೆ ಮಾಡ್ತೀನಿ," ಎಂದು ಕರೆ ಮುಗಿಸಿದ. ಅವನ ದನಿ ಅಳು ಬಂದಂತಿತ್ತು.

"ಭಾವ, ಒಂದು ತಿಂಗಳಿಂದ ನಾನು ಹೊಲಿಗೆ ಮಷೀನಿನ ಜೊತೆ ಪಂದ್ಯ ಕಟ್ಟಿದ್ನಾ?"

"ಅವಳಿಗೆ ಹೇಳಬೇಡಪ್ಪ," ಎಂದರು ಮಾಸ್ಟರು.

ಸೊಸೆಗೆ ಹೇಳಲಿಲ್ಲ. ಅಕ್ಕನಿಗೆ ಹೇಳಿದ. ಸಂಜೆ ಮಾಸ್ಟರು ಮನೆಗೆ ಬಂದಾಗ ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಇವರು ತಲೆ ತಗ್ಗಿಸಿ ಶುರುಮಾಡುವ ಮೊದಲೇ ಜೋಡಿ ಕಾಲುಚೀಲ ಎತ್ತಿ ತೋರಿಸಿದಳು. ಒಂದು ನೆಟ್ಟಗಿತ್ತು. ಇನ್ನೊಂದರ ಕುತ್ತಿಗೆ ಹಿಗ್ಗಿ ಜೋತುಬಿದ್ದಿತ್ತು.

"ಅವನು ಹೇಳೋಕೆ ಮುಂಚೇನೇ ಗೊತ್ತಿತ್ತು. ಕಾಲುಚೀಲ ಒಗೆಯೋಳು ನಾನು."

"ಮತ್ತೆ ಯಾಕೆ ಸುಮ್ನಿದ್ದೆ?"

"ನಾಳೆ ನಡೀತಾರೆ, ನಾಡಿದ್ದು ನಡೀತಾರೆ ಅಂತ ಕಾದೆ." ಅವಳು ಕಾಲುಚೀಲ ಕೆಳಗಿಟ್ಟಳು. "ನಿಮ್ಮ ಮಷೀನಿಗೆ ಸಕ್ಕರೆ ಕಾಯಿಲೆ ಇಲ್ಲ ರೀ. ನಿಮಗೇ ಏನಾದ್ರೂ ಆದ್ರೆ ನಾನು ಬೆಳಗ್ಗೆ ಎದ್ದು ಯಾರ ಕೈಗೆ ವಾಚು ಕಟ್ಟಲಿ?"

ಅವಳ ಕಣ್ಣು ತುಂಬಿದ್ದನ್ನು ಕಂಡು ಮಾಸ್ಟರು ಇಂಜೆಕ್ಷನ್ನಿಗಿಂತ ಹೆಚ್ಚಾಗಿ ಅದಕ್ಕೆ ಹೆದರಿದರು.

ಬೆಳಗ್ಗೆ ಅಂಗಿ ತೊಟ್ಟು ಕೈ ಚಾಚಿದರೆ ಹೆಂಡತಿ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು. ವಾಚು ಅವಳ ಕೈಚೀಲ ಸೇರಿತ್ತು.

"ಇನ್ಮೇಲೆ ಕೀ ಕೊಡೋದು ಪಾರ್ಕಿನ ಆ ಕೊನೇ ಬೆಂಚಿನ ಮೇಲೆ. ಬೇಕಿದ್ರೆ ಬನ್ನಿ."

"ಅಲ್ಲೀವರೆಗೆ ಬರಿಗೈಲಿ ಬರೋದಾ? ಯಾರಾದ್ರೂ ನೋಡಿದ್ರೆ?"

"ಬೇಗ ಬೇಗ ನಡೆದ್ರೆ ಯಾರೂ ನೋಡಲ್ಲ."

ಅವಳು ಹೊರಟೇಬಿಟ್ಟಳು. ಮಾಸ್ಟರು ಖಾಲಿ ಕಫ್ಫನ್ನು ಬಲಗೈಯಿಂದ ಮುಚ್ಚಿಕೊಂಡು, ಹಲ್ಲುನೋವಿನವನು ಕೆನ್ನೆ ಹಿಡಿದುಕೊಂಡು ಹೋಗುವ ಹಾಗೆ, ಹಿಂದೆ ಹಿಂದೆ ನಡೆದರು. ಬೀದಿಯ ತಿರುವಿನಲ್ಲೇ ಏದುಸಿರು ಬಂತು. ಪಾರ್ಕಿನ ಗೇಟಿನಲ್ಲಿ ವಕೀಲರು ಕಂಡರು, ಮಾಸ್ಟರು ಪೊದೆಯ ಆ ಬದಿಯಿಂದ ಸುತ್ತಿ ಹೋದರು. ಅದರಿಂದ ದಾರಿ ಇನ್ನಷ್ಟು ಉದ್ದವಾಯಿತು. ಬೆಂಚು ಮುಟ್ಟಿದಾಗ ಹೆಂಡತಿ ಕೀ ಕೊಟ್ಟು ಮುಗಿಸಿ ಕಾಯುತ್ತಿದ್ದಳು.

ಅಂದಿನಿಂದ ದಿನವೂ ಇದೇ. ಪಟ್ಟಿ ಬೆಳಗಿನ ನಡಿಗೆಗೆ ಮಾತ್ರ ಕಾಲುಚೀಲದೊಳಗೆ ಇರುತ್ತದೆ, ಮಷೀನಿನ ಮುಂದೆ ಕೂರುವ ಮೊದಲು ಬಿಚ್ಚಿ ಡ್ರಾಯರಿಗೆ ಹಾಕುತ್ತಾರೆ. ಒಂದು ವಾರ ಕಳೆದಿತ್ತು. ಬೆಂಚಿನ ಮೇಲೆ ಕುಳಿತು ಕೈ ಚಾಚಿದ್ದಾಗ ಜೇಬಿನ ಫೋನು ಬಡಿದುಕೊಂಡಿತು. ಮಗಳು ಗಾಬರಿಯಲ್ಲಿದ್ದಳು.

"ಅಪ್ಪ, ಹುಷಾರಿಲ್ವಾ? ವಾರದಿಂದ ನಿನ್ನ ಹೆಜ್ಜೆ ಪಾತಾಳಕ್ಕೆ ಇಳಿದಿದೆ. ನಡೆಯೋದು ಬಿಟ್ಟುಬಿಟ್ಯಾ?"

ಮಾಸ್ಟರು ಹೆಂಡತಿಯ ಮುಖ ನೋಡಿದರು. ಅವಳು ವಾಚಿನ ಪಟ್ಟಿ ಬಿಗಿಯುವುದರಲ್ಲೇ ಇದ್ದಳು, ತಲೆಯೆತ್ತಲಿಲ್ಲ.

"ಇಲ್ಲಮ್ಮ. ನಡೆಯೋಕೆ ಶುರು ಮಾಡಿದ್ದೀನಿ."

"ಮತ್ತೆ ಇಷ್ಟು ದಿನ?"

"ಇಷ್ಟು ದಿನ ನಿಕ್ಕರ್ ಹೊಲೀತಿದ್ದೆ."

ಆ ಕಡೆ ಮಗಳಿಗೆ ಅಂಗಡಿಯ ಕಾಲ್ತುಳಿ ಮಷೀನು ನೆನಪಾಯಿತು. ಆಮೇಲೆ, "ಅಯ್ಯೋ, ಮಾಮನ ಮಂಡಿ," ಎಂದವಳಿಗೆ ನಗು ತಡೆಯಲಾಗಲಿಲ್ಲ. ಮಾಸ್ಟರಿಗೂ ನಗು ಬಂತು, ಮೈಯೆಲ್ಲ ಕುಲುಕಿತು.

"ಕೈ ಅಲ್ಲಾಡಿಸಬೇಡಿ," ಎಂದು ಹೆಂಡತಿ ಬಕಲ್ ಹಾಕಿದಳು.