ಕರಿಯವ್ವನ ಬೋಗುಣಿ

ತಗಡು ಬಡಿಯುವ ಅಂಗಡಿಯಲ್ಲಿ ಏಟು ತಿಂದು ತಿಂದೇ ನನಗೊಂದು ರೂಪ ಬಂತು. ನಾನೊಂದು ಅಲ್ಯುಮಿನಿಯಂ ಬೋಗುಣಿ. ಮೊದಲು ಖಾನಾವಳಿಯೊಂದರಲ್ಲಿ ಸಾರು ಹೊತ್ತೆ. ತಳ ಸೊಟ್ಟಗಾದ ಮೇಲೆ ಊರಾಚೆಯ ಪ್ರಾಣಿ ಸಂಗ್ರಹಾಲಯಕ್ಕೆ ಸಾಗಹಾಕಿದರು. ಅಲ್ಲಿ ಕರಿಯವ್ವ ಎಂಬ ಹೆಣ್ಣು ಕರಡಿಗೆ ನನ್ನಲ್ಲೇ ಊಟ. ಆಕೆ ನೆಕ್ಕಿದ ಮೇಲೆ ನನ್ನನ್ನು ತೊಳೆಯುವ ಕೆಲಸವೇ ಇರುತ್ತಿರಲಿಲ್ಲ.

ಅವಳನ್ನು ನೋಡಿಕೊಳ್ಳುತ್ತಿದ್ದವನು ಯಮನೂರಪ್ಪ. ಅವನಿಗೂ ಹೆಂಡತಿ ದುರಗವ್ವನಿಗೂ ಮಕ್ಕಳಿರಲಿಲ್ಲ. ಗಂಡು ಕರಡಿಯ ಜೊತೆ ಮೂರು ವರ್ಷ ಇದ್ದರೂ ಕರಿಯವ್ವ ಮರಿ ಹಾಕಲಿಲ್ಲ ಎಂದು ತಿಳಿದಾಗ ದುರಗವ್ವನ ಕರುಳು ಚುರುಕ್ ಎಂದಿತಂತೆ. ಬಾಣಂತಿಯರಿಗೆ ಕೊಡುವ ಅಂಟಿನುಂಡೆಯನ್ನು ತುಪ್ಪ, ಬೆಲ್ಲ, ಕೊಬ್ಬರಿ ಸುರಿದು ಮಾಡಿ, ಗಂಡನ ಬುತ್ತಿಯ ಜೊತೆ ದಿನಾ ಕಟ್ಟಿಕೊಡತೊಡಗಿದಳು.

“ಮೈಯಾಗ ಕಸುವು ಬಂದ್ರ ಬಸಿರು ನಿಲ್ಲತೈತಿ. ಮರೀಲಾರದ ಹಾಕ್ರಿ.”

ಅವನು ಹಾಕಿದ, ನಾನು ಹೊತ್ತೆ. ವರ್ಷದೊಳಗೆ ಕರಿಯವ್ವನ ಹೊಟ್ಟೆ ನೆಲ ಸವರುವಂತಾಯಿತು. ನೋಡಲು ಬಂದ ದುರಗವ್ವ ಸರಳಿನಾಚೆ ನಿಂತು, “ದಿನ ತುಂಬ್ಯಾವ ನೋಡ್ರಿ,” ಎಂದು ನೆಟಿಗೆ ಮುರಿದು ದೃಷ್ಟಿ ತೆಗೆದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಸಂಗ್ರಹಾಲಯದ ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. “ಒಳಗ ಮರಿ ಇಲ್ಲ ಯಮನೂರಪ್ಪ, ಬರೀ ಕೊಬ್ಬು. ಹಿಂಗ ಕೊಬ್ಬು ಏರಿದ್ರ ಗರ್ಭ ನಿಲ್ಲೂದಿಲ್ಲ. ಇದಕ್ಕ ಸಿಹಿ ಯಾರು ಹಾಕಿದ್ರು?”

ಅವನು ನನ್ನನ್ನೆತ್ತಿಕೊಂಡು ಹೋಗಿ ನಲ್ಲಿಯಡಿ ಹಿಡಿದು ಉಜ್ಜತೊಡಗಿದ.

ಅಂದಿನಿಂದ ನನ್ನೊಳಗೆ ಬೇಯಿಸಿದ ರಾಗಿ, ಸೌತೆಕಾಯಿ, ಒಂದು ಮೊಟ್ಟೆ ಅಷ್ಟೇ. ಮನೆಯಿಂದ ಬರುತ್ತಲೇ ಇದ್ದ ಉಂಡೆಗಳನ್ನು ಅವನು ಹೆಂಡತಿಗೆ ತಿಳಿಯದಂತೆ ಕಸಕ್ಕೆ ಸುರಿಯುತ್ತಿದ್ದ. ಹಸಿದ ಕರಿಯವ್ವ ನನ್ನನ್ನು ಗೋಡೆಗೆ ಅಪ್ಪಳಿಸುತ್ತಿದ್ದಳು. ಅವಳ ಮೈ ಇಳಿಯುವಷ್ಟರಲ್ಲಿ ಮರಿ ಹಾಕುವ ವಯಸ್ಸು ಮೀರಿತ್ತು. ಗಂಡು ಕರಡಿಯನ್ನು ಬೇರೆ ಊರಿಗೆ ಕಳಿಸಿದರು. ತೂತು ಬಿದ್ದ ನಾನು ಉಗ್ರಾಣದ ಹಿಂದೆ, ಯಮನೂರಪ್ಪ ಉಣ್ಣಲು ಕೂರುವ ಮೂಲೆ ಸೇರಿದೆ.

ಇಂದಲ್ಲ ನಾಳೆ ಆಗುತ್ತದೆ ಎಂಬ ಗಂಡನ ಮಾತು ನಂಬಿ ಕಾದಿದ್ದ ದುರಗವ್ವ, ಒಂದು ಮಧ್ಯಾಹ್ನ ಅಲ್ಲಿಗೇ ಬುತ್ತಿ ತಂದು, ಮರಿ ಯಾಕೆ ಆಗಲಿಲ್ಲ ಎಂದು ಕೇಳಿದಳು. ಯಮನೂರಪ್ಪನಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

“ಅದರ ಹಣೇಬರದಾಗ ಇಲ್ಲ, ಬಿಡು.”

“ಹಂಗಾರ ಅದೂ ನನ್ನಂಗ,” ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ನಾಳಿಂದ ಎರಡು ಉಂಡಿ ಜಾಸ್ತಿ ಕಟ್ಟತೀನಿ. ತಿನ್ನಲಿ, ಪಾಪ.”

ಆ ಉಂಡೆಗಳನ್ನು ಅವನೀಗ ನನ್ನೊಳಗೆ ಸುರಿದು, ತಿರುಗಿ ನೋಡದೆ ಹೋಗುತ್ತಾನೆ. ಇರುವೆಗಳು ಬರುತ್ತವೆ. ನಾನು ಹೊತ್ತ ಅಕ್ಕರೆಯೇ ಒಂದು ಬಸಿರನ್ನು ನುಂಗಿತೆಂದು ಅವನಿಗೆ ಗೊತ್ತು, ನನಗೆ ಗೊತ್ತು. ದುರಗವ್ವ ಮಾತ್ರ ಸಂಜೆ ಖಾಲಿ ಡಬ್ಬಿ ತೆರೆದು ನೋಡಿ, ಇವತ್ತೂ ಎಲ್ಲ ತಿಂದಳಲ್ಲ ಎಂದು ಸಮಾಧಾನಪಡುತ್ತಾಳಂತೆ.