ಜೇನ್ನಂಟು

ಜೇನುಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಬಾರ್ಬೊರಾಳ ಮೂಗಿಗೆ ಬಡಿದದ್ದು ಜೇನಿನ ಘಮವಲ್ಲ. ಬಡಗಿ ಒಲೆಯ ಮೇಲಿಟ್ಟು ಕುದಿಸುವ ಅಂಟಿನ ವಾಸನೆ. ಅವಳು ಹೊಗೆತಿದಿಯನ್ನು ಹುಲ್ಲಿನ ಮೇಲಿಟ್ಟು, ನಡುವಿನ ಚೌಕಟ್ಟನ್ನು ಮೆಲ್ಲಗೆ ಎಬ್ಬಿಸಿ ಬಿಸಿಲಿಗೆ ಹಿಡಿದಳು. ಮರಿಗಳ ಮೇಲಿನ ಮೇಣದ ಮುಚ್ಚಿಗೆ ಉಬ್ಬಿರಬೇಕಾದಲ್ಲಿ ಕುಳಿಬಿದ್ದಿತ್ತು. ಅಲ್ಲಲ್ಲಿ ಸೂಜಿ ಚುಚ್ಚಿದಂಥ ತೂತು. ಒಂದು ಒಣಕಡ್ಡಿ ಮುರಿದು ತೂತಿನೊಳಗೆ ತೂರಿಸಿ ಹೊರಗೆಳೆದಳು. ಕೊಳೆತ ಮರಿಯ ಕಂದು ಬಣ್ಣದ ಎಳೆಯೊಂದು ಕಡ್ಡಿಯ ತುದಿಗೆ ಅಂಟಿಕೊಂಡು ಬಂತು, ಬಂತು, ತುಂಡಾಗಲೇ ಇಲ್ಲ.

ಅವಳು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಗ ಅವಳಿಗೆ ಮೊದಲು ನೆನಪಾದದ್ದು ತನ್ನ ಪೆಟ್ಟಿಗೆಗಳಲ್ಲ. ಲಿಂಡನ್ ಮರದ ಹೂ ಮುಗಿದ ವಾರ ಇದೇ ಪೆಟ್ಟಿಗೆಯಿಂದ ಜೇನು ತುಂಬಿದ ಎರಿಗಳನ್ನು ತೆಗೆದು, ಬಿಳಿ ಬಟ್ಟೆ ಹೊದಿಸಿ, ಅಪೊಲೊನಿಯಾಳ ಮನೆಗೆ ತಾನೇ ಹೊತ್ತುಕೊಂಡು ಹೋಗಿದ್ದಳು.

ಅಪೊಲೊನಿಯಾಳ ಮನೆ ಗ್ರಿಕಿ ಹೊಲದ ಆಚೆ. ಗ್ರಿಕಿಯೆಂದರೆ ನಮ್ಮ ಮರಳು ನೆಲ ಮುನಿಸಿಲ್ಲದೆ ಕೊಡುವ ಮೂರು ಮೂಲೆಯ ಕರಿಕಾಳು; ಆಗಸ್ಟಿನಲ್ಲಿ ಹೊಲಕ್ಕೆ ಹೊಲವೇ ಬೆಳ್ಳಗೆ ಹೂಬಿಟ್ಟಿರುತ್ತದೆ. ಬಹಳ ವರ್ಷಗಳ ಹಿಂದೆ ಬಾರ್ಬೊರಾಳ ಪೆಟ್ಟಿಗೆಯಿಂದ ಪಾಲಾಗಿ ಹೊರಟ ಒಂದು ಜೇನು ಕುಟುಂಬ ಈ ಹೊಲ ದಾಟಿ ಹೋಗಿ ಅಪೊಲೊನಿಯಾಳ ಅಂಗಳದ ಸೇಬಿನ ಮರದಲ್ಲಿ ಗೊಂಚಲಾಗಿ ಕೂತಿತ್ತು. ಅಷ್ಟೇ ಸಾಕಾಯಿತು. ನಮ್ಮಲ್ಲಿ ಯಾರ ಜೇನು ಯಾರ ಮನೆಗೆ ಹಾರಿಹೋಗುತ್ತದೋ ಅವರಿಬ್ಬರೂ ಅಂದಿನಿಂದ ನಂಟರು. ರಕ್ತದ ನಂಟರು ಜಗಳವಾಡಬಹುದು, ಜೇನಿನ ನಂಟರು ಆಡುವಂತಿಲ್ಲ. ಅವರ ನಡುವೆ ಮಾರುವುದಿಲ್ಲ, ಕೊಳ್ಳುವುದಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದಂತೂ ಇಲ್ಲವೇ ಇಲ್ಲ. ಗೆಳೆಯ ಎಂಬುದಕ್ಕೆ ನಾವಾಡುವ ಪದ ಹುಟ್ಟಿದ್ದೇ ಜೇನುನೊಣದ ಹೆಸರಿನಿಂದ. ಇವಳು ಅವಳಿಗೆ ಜೇನಕ್ಕ, ಅವಳು ಇವಳಿಗೆ ಜೇನಕ್ಕ.

ಅಪೊಲೊನಿಯಾಳ ನೀಲಿ ಪೆಟ್ಟಿಗೆಗಳು ಅವಳ ಗಂಡ ಆದೊಮಾಸ್ ಕೈಯಾರೆ ಮಾಡಿದವು. ಅವನು ಹೋದ ದಿನ ಬಾರ್ಬೊರಾಳೇ ಒಂದೊಂದು ಪೆಟ್ಟಿಗೆಯನ್ನೂ ಬೆರಳಿನಿಂದ ತಟ್ಟಿ, ನಿಮ್ಮ ಯಜಮಾನ ಹೋದ, ನೀವು ಹೋಗಬೇಡಿ ಎಂದು ಹೇಳಿ ಬಂದಿದ್ದಳು. ಅವು ಹೋಗಲಿಲ್ಲ. ಮಕ್ಕಳಿಲ್ಲದ ಅಪೊಲೊನಿಯಾಳಿಗೆ ಬೆಳಿಗ್ಗೆ ಎದ್ದು ಮಾತಾಡಿಸಲು ಆ ಪೆಟ್ಟಿಗೆಗಳಿದ್ದವು, ಒಂದು ಹಸುವಿತ್ತು, ಹೊಲದಾಚೆಗೆ ಜೇನಕ್ಕನಿದ್ದಳು. ಈ ವರ್ಷ ಲಿಂಡನ್ ಹೂಬಿಟ್ಟ ಹೊತ್ತಿಗೇ ಮಳೆ ಹಿಡಿದು ಅವಳ ಜೇನು ಸೊರಗಿದ್ದವು. ಬೇರೆಯವರಾದರೆ ಸಕ್ಕರೆ ಪಾಕ ಕಾಯಿಸಿ ಇಡಿ ಎನ್ನಬಹುದು. ನಂಟರ ಜೇನಿಗೆ ಸಕ್ಕರೆ ನೀರು ಕುಡಿಸಿದರೆ ಬಾರ್ಬೊರಾಳ ಮಾನವೇನಾದೀತು?

ಸ್ತೆಪೋನಾಸ್ ಕೊಟ್ಟಿಗೆಯ ಮುಂದೆ ಕುಡುಗೋಲಿನ ಅಲಗು ತಟ್ಟುತ್ತ ಕೂತಿದ್ದ. ಹೆಂಡತಿಯ ಮುಖ ನೋಡಿ ಸುತ್ತಿಗೆ ತಡೆದ.

"ಏನೇ ಇದು, ರಾಣಿ ಓಡಿಹೋದ್ಲಾ? ಮುಖ ನೋಡಿದ್ರೆ ಹಾಲು ಹುಳಿಯಾಗೋ ಹಂಗಿದೆ."

"ಮರಿಕೊಳೆ ರೋಗ ಬಂದಿದೆ ಕಣ್ರೀ."

ಅವನು ಸುತ್ತಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. "ಕಡ್ಡಿ ಹಾಕಿ ನೋಡ್ದ್ಯಾ?"

"ನೋಡ್ದೆ. ಎಳೆ ಬಂತು."

"ಜೇನಕ್ಕಂಗೆ ಕೊಟ್ಟಿದ್ದು ಯಾವ ಪೆಟ್ಟಿಗೇದು?"

"ಅದೇ ಪೆಟ್ಟಿಗೇದು. ಇರೋದ್ರಲ್ಲಿ ಒಳ್ಳೇದು ಅಂತ ಆರಿಸಿ ಕೊಟ್ಟೆ."

ಸ್ತೆಪೋನಾಸ್ ಅಲಗನ್ನು ಹೆಬ್ಬೆರಳಿನಿಂದ ಒರೆಸಿದ. "ಕೆಟ್ಟದ್ದನ್ನ ಕೊಡೋ ಬುದ್ಧಿ ನಿಂಗಿದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಎಂದ.

ಇನ್ನೂ ತಡವಾಗಿಲ್ಲದಿರಬಹುದು ಎಂದು ಬಾರ್ಬೊರಾ ಅಂದುಕೊಂಡಳು. ಎರಿಗಳನ್ನು ಇವತ್ತೇ ಹೊರಗೆ ತೆಗೆದು ಸುಟ್ಟರೆ, ಆ ಜೇನನ್ನು ನೊಣಗಳು ಇನ್ನೂ ಮರಿಗಳ ಬಾಯಿಗೆ ಇಟ್ಟಿರದಿದ್ದರೆ, ಅಪೊಲೊನಿಯಾಳ ಪೆಟ್ಟಿಗೆಗಳು ಉಳಿದಾವು. ಕೈ ತೊಳೆದು, ಮತ್ತೆ ತೊಳೆದು, ಏಪ್ರನ್ ಬದಲಿಸಿ, ಹೊಲ ದಾಟಿ ಹೋದಳು.

"ಯೇಸುವಿಗೆ ಸ್ತೋತ್ರ," ಎಂದಳು ಹೊಸಿಲಲ್ಲಿ.

"ಎಂದೆಂದಿಗೂ, ಆಮೆನ್. ಬಾ ಜೇನಕ್ಕಾ, ನಿಂಗೆ ನೂರು ವರ್ಷ ಆಯಸ್ಸು, ಈಗಷ್ಟೇ ಬೈಕೊಳ್ತಿದ್ದೆ."

ಅಪೊಲೊನಿಯಾ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬಕ್ಕೆ ಇಗರ್ಜಿಗೆ ಒಯ್ಯುವ ಗೊಂಚಲು ಕಟ್ಟುತ್ತಿದ್ದಳು. ಮೇಜಿನ ತುಂಬ ಹಳದಿ ಗುಂಡಿಹೂ, ಓಟ್ಸಿನ ತೆನೆ, ಪುದೀನ, ಸೊಪ್ಪಿನ ಸಮೇತ ಒಂದು ಗಜ್ಜರಿ.

"ನಿನ್ನ ಗೊಂಚಲು ಪ್ರತಿ ವರ್ಷ ಪಾದ್ರಿಗಳ ಕಣ್ಣಿಗೆ ಬೀಳುತ್ತೆ, ನಂದು ಮಾತ್ರ ಹಸೂಗೆ ಹಾಕೋ ಹುಲ್ಲಿನ ಹಂಗೆ ಕಾಣ್ಸುತ್ತೆ. ಈ ಸಲ ನಿನ್ನ ಪಕ್ಕ ನಿಂತ್ಕೊಳ್ಳಲ್ಲ ನೋಡು." ಮಾತಾಡುತ್ತಲೇ ಒಂದು ಎಳೆ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಮೇಲೆ ಜೇನು ಸುರಿದು, ಮುಂದೆ ತಳ್ಳಿದಳು. "ತಿನ್ನು. ನಿನ್ನ ಎರೀದೇ ಒಂದು ಅಂಚು ಕೊಯ್ಕೊಂಡಿದ್ದೆ. ಹೊರಗೆ ಕೇಳ್ತಿದೆಯಾ? ನಮ್ಮ ಹುಡುಗೀರು ಹಾಡ್ತಿದಾರೆ. ಮಲಗಿದ್ದೋರು ನೀನು ಕೊಟ್ಟಿದ್ದನ್ನ ತಿಂದು ಎದ್ದು ಕೂತ್ರು."

ಬಾರ್ಬೊರಾ ಸೌತೆಕಾಯಿಯನ್ನು ಕೈಗೆತ್ತಿಕೊಂಡಳು. ಬಾಯಿಗೆ ಇಡಲಾಗಲಿಲ್ಲ.

"ಜೇನಕ್ಕಾ, ಆ ಎರಿಗಳನ್ನ ನಂಗೆ ವಾಪಸ್ ಕೊಡು."

ಅಪೊಲೊನಿಯಾ ನಕ್ಕಳು. ಇದೇನೋ ತಮಾಷೆ, ಮುಂದೆ ಇನ್ನೇನೋ ಬರುತ್ತದೆ ಎಂದು ಕಾದಳು. ಬರಲಿಲ್ಲ.

"ನನ್ನ ಪೆಟ್ಟಿಗೇಲಿ ಕೊಳೆ ಇದೆ. ಎರಿ ಜೊತೆ ನಿಂಗೂ ಬಂದಿರುತ್ತೆ. ಇವತ್ತೇ ತೆಗೆದು ಸುಟ್ಟುಬಿಡೋಣ. ನಾನೇ ತೆಗೀತೀನಿ, ನೀನು ಮುಟ್ಟೋದೂ ಬೇಡ."

"ಕೊಟ್ಟಿದ್ದನ್ನ ವಾಪಸ್ ಕೇಳ್ತಿದೀಯಾ?"

"ನಿನ್ನ ಜೇನು ಉಳೀಲಿ ಅಂತ ಕೇಳ್ತಿದೀನಿ."

"ಹಂಗಂದ್ರೆ ಈ ನಂಟು ಬೇಡ ಅಂತ ಅರ್ಥ. ನಮ್ಮಮ್ಮ ಹೇಳಿದ್ದು ಅದೇ, ನಿಮ್ಮಮ್ಮ ಹೇಳಿದ್ದೂ ಅದೇ." ಅಪೊಲೊನಿಯಾ ಗೊಂಚಲಿನ ದಾರವನ್ನು ಹಲ್ಲಿನಿಂದ ಕಡಿದಳು. "ನಂಟರ ಕೈಯಿಂದ ಬಂದ ಜೇನು ಯಾರನ್ನೂ ಕೊಂದಿಲ್ಲ. ನಿನ್ನ ಪೆಟ್ಟಿಗೇಲಿ ಏನೋ ಆಗಿರ್ಬೋದು, ದೇವರು ಕಾಪಾಡಲಿ, ಅದು ನಿನ್ನದು. ಇಲ್ಲಿಗೆ ಬಂದಿದ್ದು ನಂದು. ಸುಡೋಕೆ ಬಿಡಲ್ಲ. ನಿನ್ನ ಕೈಯಿಂದಲಂತೂ ಬಿಡಲ್ಲ, ಆ ಪಾಪ ನಿಂಗೆ ಹತ್ತೋದು ನಂಗಿಷ್ಟ ಇಲ್ಲ."

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಬಾರ್ಬೊರಾ ಮತ್ತೆ ಕೇಳಿದಳು, ಅತ್ತಳು, ಆದೊಮಾಸನ ಹೆಸರನ್ನೂ ಎತ್ತಿದಳು. ಅಪೊಲೊನಿಯಾ ಅವಳ ಕಣ್ಣೊರೆಸಿ, ನಾಲ್ಕು ಸೌತೆಕಾಯಿಗಳನ್ನು ಏಪ್ರನ್ನಿಗೆ ಹಾಕಿ ಕಳಿಸಿದಳು.

ಹಬ್ಬದ ದಿನ ಇಗರ್ಜಿಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ದೇವಮಾತೆಯ ಹೆಸರುಗಳನ್ನು ಒಂದೊಂದಾಗಿ ಹೇಳಿ ಪ್ರತಿ ಹೆಸರಿಗೂ "ನಮಗಾಗಿ ಪ್ರಾರ್ಥಿಸು" ಎನ್ನುವ ಆ ನೀಳ ಪ್ರಾರ್ಥನೆ, ಹುಟ್ಟಿದಾಗಿನಿಂದ ಕೇಳಿ ನಾಲಿಗೆಗೆ ತಾನಾಗಿ ಬರುವಂಥದ್ದು. ಬೆಳಗಿನ ನಕ್ಷತ್ರವೇ, ರೋಗಿಗಳ ಆರೋಗ್ಯವೇ, ಪಾಪಿಗಳ ಆಶ್ರಯವೇ. ರೋಗಿಗಳ ಆರೋಗ್ಯವೇ ಎಂಬಲ್ಲಿ ಬಾರ್ಬೊರಾಳ ಸ್ವರ ನಿಂತಿತು. ಪಕ್ಕದಲ್ಲಿ ಅಪೊಲೊನಿಯಾ ಅವಳ ಪಾಲಿನದನ್ನೂ ಸೇರಿಸಿ ಗಟ್ಟಿಯಾಗಿ ಹೇಳಿದಳು.

ಹಬ್ಬ ಕಳೆದು ಆಲೂಗಡ್ಡೆ ಅಗೆಯುವ ಹೊತ್ತಿಗೆ ಬಾರ್ಬೊರಾಳ ಪೆಟ್ಟಿಗೆಗಳ ಬಾಗಿಲಲ್ಲಿ ಕಾವಲು ತೆಳುವಾಗಿತ್ತು. ಕಾವಲಿಲ್ಲದ ಮನೆಗೆ ಬೇರೆ ಮನೆಯ ಜೇನು ನುಗ್ಗಿ ಕದಿಯುತ್ತವೆ. ಎಲ್ಲಿಂದೆಲ್ಲಿಂದಲೋ ಬಂದವು ಹೊಟ್ಟೆ ತುಂಬ ಕೊಳೆ ಹತ್ತಿದ ಜೇನು ಹೊತ್ತುಕೊಂಡು ಹೋಗುವುದನ್ನು ಅವಳು ನಿಂತು ನೋಡಿದಳು. ಒಳಗೆ ಹೋಗಿ ಪಟ್ಟಣದ ಪಶುವೈದ್ಯರ ಕಚೇರಿಗೆ ಫೋನ್ ಮಾಡಿದಳು.

"ಬಂದ್ರೆ ಎಲ್ಲಾನೂ ಸುಡ್ತಾರೆ, ಗೊತ್ತಲ್ಲ?" ಎಂದ ಸ್ತೆಪೋನಾಸ್.

"ಬರದೆ ಇದ್ರೂ ಉಳಿಯಲ್ಲ. ಈ ಸುತ್ತಮುತ್ತ ಒಂದು ಪೆಟ್ಟಿಗೇನೂ ಉಳಿಯಲ್ಲ."

ವೈದ್ಯೆ ಇನ್ನೂ ಚಿಕ್ಕ ಪ್ರಾಯದವಳು, ರಬ್ಬರ್ ಬೂಟು ಹಾಕಿಕೊಂಡು ಬಂದಳು. ಮೆದುವಾಗಿ ಮಾತಾಡುತ್ತಿದ್ದಳು. ಪೆಟ್ಟಿಗೆ ತೆರೆದು, ಕಡ್ಡಿ ಹಾಕಿ ನೋಡಿ, ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ಅಪೊಲೊನಿಯಾ ಹೊಲದ ದಾರಿಯಲ್ಲಿ ಬಂದಳು. ತಲೆಗೆ ಕಪ್ಪು ಚೌಕ, ಕಂಕುಳಲ್ಲಿ ಒಂದು ರೈ ರೊಟ್ಟಿ. ನಂಟರ ಮನೆಯಲ್ಲಿ ಜೇನು ಹೋಗುವಾಗ ಪಕ್ಕದಲ್ಲಿ ನಿಲ್ಲಲು ಬರಲೇಬೇಕು. ಬಂದು ಬಾರ್ಬೊರಾಳ ತೋಳು ಹಿಡಿದು ನಿಂತಳು.

ವೈದ್ಯೆ ಕೈಗವಸು ಕಳಚುತ್ತ ಕೇಳಿದಳು: "ಇಲ್ಲಿಂದ ಎರಿ, ಚೌಕಟ್ಟು, ಜೇನು, ಏನನ್ನಾದ್ರೂ ಬೇರೆ ಯಾರಿಗಾದ್ರೂ ಕೊಟ್ಟಿದೀರಾ ಅಮ್ಮಾ?"

ಬಾರ್ಬೊರಾ ಬಾಯಿ ತೆರೆಯುವ ಮೊದಲೇ ಅಪೊಲೊನಿಯಾ ಶುರುಮಾಡಿದಳು. "ಇವಳಾ? ಇವಳು ಕೊಡೋದಾ? ಇಡೀ ಊರಿಗೇ ಜಿಪುಣಿ ಇವಳು, ಡಾಕ್ಟ್ರೇ! ಒಂದು ಚಮಚ ಜೇನು ಕೇಳಿದ್ರೆ ಚಮಚ ತೊಳ್ಕೊಂಡು ಬಾ ಅಂತಾಳೆ. ಇಷ್ಟು ವರ್ಷ ಪಕ್ಕದಲ್ಲಿದೀನಿ, ಇವಳ ಕೈಯಿಂದ ನಂಗೆ ಒಂದು ತೊಟ್ಟು ಬಂದಿಲ್ಲ."

ಅಷ್ಟು ದೊಡ್ಡ ಸುಳ್ಳನ್ನು ಅಪೊಲೊನಿಯಾ ಜೀವಮಾನದಲ್ಲಿ ಆಡಿರಲಿಲ್ಲ. ಅವಳ ಬೆರಳುಗಳು ಬಾರ್ಬೊರಾಳ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಸ್ತೆಪೋನಾಸ್ ಬೇರೆಲ್ಲೋ ನೋಡಿದ. ವೈದ್ಯೆ ಬಾರ್ಬೊರಾಳ ಉತ್ತರಕ್ಕೆ ಕಾದಳು.

ಇಲ್ಲ ಎಂದರೆ ಸಾಕಿತ್ತು. ಚಳಿಗಾಲ ಬರುವ ತನಕ ಆ ನೀಲಿ ಪೆಟ್ಟಿಗೆಗಳು ಅಲ್ಲಿಯೇ ಇರುತ್ತಿದ್ದವು, ತೋಳಿನ ಮೇಲಿನ ಈ ಕೈಯೂ ಇರುತ್ತಿತ್ತು. ಆಮೇಲೆ ಕೊಳೆಗೆ ಮುಂದಿನ ಅಂಗಳ, ಅದರಾಚೆಯ ಅಂಗಳ, ಕಾಡಿನಂಚಿನ ಎಲ್ಲ ಮನೆಗಳು.

"ಕೊಟ್ಟಿದೀನಿ," ಎಂದಳು ಬಾರ್ಬೊರಾ. "ಇವಳಿಗೆ. ತುಂಬಿದ ಎರಿ ಕೊಟ್ಟೆ."

ತೋಳಿನ ಮೇಲಿನ ಕೈ ಸಡಿಲಾಯಿತು. ಅಪೊಲೊನಿಯಾ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ, ವೈದ್ಯೆಗೆ ದಾರಿ ತೋರಿಸುವವಳಂತೆ ಮುಂದೆ ನಡೆದಳು.

ನೀಲಿ ಪೆಟ್ಟಿಗೆಗಳಲ್ಲೂ ಎಳೆ ಬಂತು. ಎಲ್ಲದರಲ್ಲೂ ಬರಲಿಲ್ಲ, ಆದರೆ ಒಂದೇ ಅಂಗಳದಲ್ಲಿ ಒಂದನ್ನು ಸುಟ್ಟು ಇನ್ನೊಂದನ್ನು ಉಳಿಸುವಂತಿಲ್ಲ ಎಂದಳು ವೈದ್ಯೆ. ಮರದ ಪೆಟ್ಟಿಗೆಯನ್ನಾದರೂ ಬಿಡಿ, ಕೆರೆದು ತೊಳೆದುಕೊಳ್ಳುತ್ತೇವೆ ಎಂದು ಸ್ತೆಪೋನಾಸ್ ಕೇಳಿನೋಡಿದ. ಮರ ಹಳೆಯದು, ಸಂದುಗಳಲ್ಲಿ ಉಳಿದುಬಿಡುತ್ತದೆ ಎಂದಳು. ಅವನು ಎರಡು ಮನೆಗಳ ಹೊಲ ಸೇರುವಲ್ಲಿ ಗುಂಡಿ ತೋಡಿದ.

ಸಂಜೆ ಜೇನೆಲ್ಲ ಮನೆ ಸೇರಿದ ಮೇಲೆ ಬಾಗಿಲುಗಳಿಗೆ ಮಣ್ಣು ಮೆತ್ತಿದರು. ವೈದ್ಯೆ ಮೇಲಿನಿಂದ ಪೆಟ್ರೋಲ್ ಸುರಿದು ಮುಚ್ಚಳ ಹಾಕಿದಳು. ಪ್ರತಿ ಪೆಟ್ಟಿಗೆಯೊಳಗೂ ಒಂದು ಸದ್ದು ಎದ್ದಿತು, ಬೆಳೆಯಿತು, ದೊಡ್ಡ ಜನರ ಗುಂಪು ಒಂದೇ ಉಸಿರಿಗೆ ಪ್ರಾರ್ಥನೆ ಹೇಳಿದ ಹಾಗೆ. ಆಮೇಲೆ ಒಂದೊಂದು ಬಾಯಿ ನಿಂತ ಹಾಗೆ ಇಳಿಯಿತು. ಕೊನೆಯದು ನೀಲಿಯದು.

ಸ್ತೆಪೋನಾಸ್ ಟೋಪಿ ತೆಗೆದ. "ತೀರ್ಕೊಂಡ್ರು," ಎಂದ.

ನಾಯಿ ಸಾಯುತ್ತದೆ, ಹಸು ಸಾಯುತ್ತದೆ, ಕುದುರೆ ಕೂಡ ಸಾಯುತ್ತದೆ. ಜೇನಿಗೆ ಆ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಜೇನು ಮನುಷ್ಯರ ಹಾಗೆ ತೀರಿಕೊಳ್ಳುತ್ತಾರೆ, ಅವರನ್ನು ಮಣ್ಣಿಗೆ ಕೊಡುತ್ತಾರೆ.

"ಸತ್ತವು," ಎಂದಳು ಅಪೊಲೊನಿಯಾ.

ಊರಿನ ಹಾದಿಯ ಕುಡುಕನ ಬಾಯಲ್ಲೂ ಬಾರದ ಮಾತು ಅದು. ಅವಳು ಬೆಂಕಿ ಹತ್ತುವ ತನಕವೂ ನಿಲ್ಲಲಿಲ್ಲ.

ಬೆಳಿಗ್ಗೆ ಬಾರ್ಬೊರಾ ಹಸು ಕರೆದು ಹೊರಬರುವಾಗ ಗಾಳಿಯಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆ ಕೇಳಿಸಿತು. ಹಿಂದಿನ ಸಂಜೆ ಚಳಿಗೆ ರೆಕ್ಕೆ ಸೆಟೆದು ಗ್ರಿಕಿಯ ಕಡೆಯ ಹೂಗಳಲ್ಲೇ ತಂಗಿದ್ದ ಕೆಲವು ಜೇನು ಬಿಸಿಲೇರಿದ ಮೇಲೆ ಮನೆಗೆ ಬಂದಿದ್ದವು. ಮನೆಯಿದ್ದ ಜಾಗದಲ್ಲಿ, ಬಾಗಿಲಿದ್ದಷ್ಟೇ ಎತ್ತರದಲ್ಲಿ ಸುತ್ತಿ ಸುತ್ತಿ ಸೋತು, ಎರಡು ಹೊಲಗಳ ನಡುವಿನ ಬೇಲಿಗೂಟದ ಮೇಲೆ ಒಂದು ಮುಷ್ಟಿಯಷ್ಟು ಸೇರಿ ಕೂತವು. ಇಂಥವು ಬೇರೆಯವರ ಪೆಟ್ಟಿಗೆ ಸೇರಲು ಬಿಡಬಾರದೆಂದು ವೈದ್ಯೆ ಹೇಳಿಹೋಗಿದ್ದಳು. ಬಾರ್ಬೊರಾ ಬಕೆಟ್ಟಿನಲ್ಲಿ ಸೋಪಿನ ನೀರು ಕಲಸಿಕೊಂಡು ಹೋದಳು.

ಗೂಟದ ಆಚೆ ಅಪೊಲೊನಿಯಾ ನಿಂತಿದ್ದಳು. ಅವಳ ತೋಳಿನ ಮೇಲೆ ಐದಾರು ಜೇನು ಹರಿದಾಡುತ್ತಿದ್ದವು.

"ಜೇನಕ್ಕಾ," ಎಂದಳು ಬಾರ್ಬೊರಾ.

ಅಪೊಲೊನಿಯಾ ತೋಳನ್ನು ಬಿಸಿಲಿಗೆ ತಿರುಗಿಸಿದಳು.

"ಇವರು ಯಾವ ಕಡೆಯವರೋ ತಿಳೀತಿಲ್ಲ. ನಿನ್ನ ಹುಡುಗೀರೂ ಇರ್ಬೋದು."

ಅಪೊಲೊನಿಯಾ ತೋಳನ್ನು ಗೂಟಕ್ಕೆ ತಾಗಿಸಿ ಹಿಡಿದಳು. ಜೇನು ಒಂದೊಂದಾಗಿ ಇಳಿದು ಗೊಂಚಲು ಸೇರಿದವು. ಕೊನೆಯದು ಇಳಿಯಲಿಲ್ಲ. ಅವಳು ಅದನ್ನು ಬೆರಳಿನಿಂದ ಮೆಲ್ಲಗೆ ದಾಟಿಸಿದಳು.

"ನಮ್ಮವು ನಿನ್ನೆ ಹೊತ್ತಿಗೆ ಸರಿಯಾಗಿ ಮನೆ ಸೇರಿದ್ವು," ಎಂದಳು. "ಇವು ನಿಮ್ಮವು. ತಗೊಂಡ್ಹೋಗಿ."

ಹೋದಳು. ಬಾಗಿಲು ಹಾಕಿಕೊಂಡ ಸದ್ದು ಹೊಲದ ತನಕ ಬಂತು.

ಬಾರ್ಬೊರಾ ಗೂಟದ ಮೇಲೆ ಕೈಯಿಟ್ಟಳು. ಕೈಯ ಬಿಸಿಗೆ ಜೇನು ಬೆರಳು ಹತ್ತಿದವು, ಅಂಗೈ ತುಂಬ ಬಂದವು, ಒಂದೂ ಕಚ್ಚಲಿಲ್ಲ. ತೀರಿಕೊಂಡವರಿಗಾಗಿ ಹೇಳುವ ಪ್ರಾರ್ಥನೆಯ ಮೊದಲ ಪದ ಬಾಯಿಗೆ ಬಂತು. ಎರಡನೆಯದು ಬರಲಿಲ್ಲ. ಬೇಲಿಯ ಪಕ್ಕ ಮಂಡಿಯೂರಿ ಕೂತು, ಅವಳು ಕೈಯನ್ನು ಮಣಿಕಟ್ಟಿನವರೆಗೆ ಬಕೆಟ್ಟಿನೊಳಗೆ ಇಳಿಸಿದಳು. ನೀರು ತಣ್ಣಗಿತ್ತು. ಅಂಗೈಯೊಳಗಿನ ಅಲುಗಾಟ ನಿಲ್ಲುವ ತನಕ ಕೈ ಮೇಲೆತ್ತಲಿಲ್ಲ, ನಿಂತ ಮೇಲೂ ಎತ್ತಲಿಲ್ಲ.