ಸಾವಿನ ಚೀಟಿಗಳ ಕಂಪ್ಯೂಟರು

ತಂತಿ ಕೀಳುವುದೇನೋ ಸುಲಭ, ಆದರೆ ಯಾರಿಗಾಗಿ ಕೀಳುತ್ತಿದ್ದೇನೆ? ಸತ್ತವರ ಮುಖಗಳನ್ನು ಕಾಯುವುದಕ್ಕೋ, ನನಗೋಸ್ಕರವೋ? ಕಂಪ್ಯೂಟರಿನ ಹಿಂದೆ ಬಗ್ಗಿ, ಇಂಟರ್ನೆಟ್ ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡು ಮಿಂಚೊ ಯೋಚಿಸುತ್ತಿದ್ದ.

"ಮಾವ, ಅಲ್ಲೇ ನಿದ್ದೆ ಹೋದ್ಯಾ?" ಎಂದಳು ಅಕ್ಕನ ಮಗಳು ರಲಿತ್ಸಾ. "ಇನ್ನೊಂದ್ಸಲ ಹೇಳ್ತೀನಿ ಕೇಳು. ಇದರ ವಿಂಡೋಸ್‌ಗೆ ಇನ್ಮೇಲೆ ಸುರಕ್ಷತೆ ಅಪ್‌ಡೇಟ್ ಬರಲ್ಲ. ಎಲ್ಲಾದ್ರೂ ತೂತು ಬಿದ್ರೆ ಮುಚ್ಚೋರಿಲ್ಲ. ಹೊಸ ಕಂಪ್ಯೂಟರ್ ತಗೋ, ಇಲ್ಲಾ ಪುಕ್ಕಟೆ ಸಿಗೋ ಬೇರೆ ಸಿಸ್ಟಮ್ ಹಾಕಿಸ್ಕೋ, ಇಲ್ಲಾ ಇಂಟರ್ನೆಟ್ ಕಿತ್ತು ಹೀಗೇ ಇಟ್ಕೋ. ಸುಮ್ನೆ ಬಿಟ್ರೆ ಯಾವನೋ ನುಗ್ಗಿ ಎಲ್ಲಾ ಫೈಲಿಗೂ ಬೀಗ ಹಾಕ್ತಾನೆ."

"ಸತ್ತೋರ ಫೋಟೋ ಅವನಿಗ್ಯಾಕೆ?"

"ಅವನಿಗೆ ಬೇಡ. ನಿನಗೆ ಬೇಕಲ್ಲ, ಅದಕ್ಕೇ ದುಡ್ಡು ಕೇಳ್ತಾನೆ."

ಲೋವೆಚ್ ಊರಿನಲ್ಲಿ ಯಾರು ತೀರಿಕೊಂಡರೂ ಅವರ ಫೋಟೋ ಇರುವ ಕಪ್ಪು ಅಂಚಿನ ಚೀಟಿಯೊಂದು ಮನೆಬಾಗಿಲ ಮೇಲೆ, ಬಸ್ ನಿಲ್ದಾಣದ ಗೋಡೆಯ ಮೇಲೆ ಬರುತ್ತದೆ. ನಲವತ್ತನೆಯ ದಿನಕ್ಕೆ ಇನ್ನೊಂದು, ವರ್ಷ ತುಂಬಿದಾಗ ಮತ್ತೊಂದು. ಅವನ್ನು ಅಚ್ಚು ಹಾಕುವವನು ಮಿಂಚೊ. ಚೀಟಿ ಜೋಡಿಸುವ ಪ್ರೋಗ್ರಾಮು ಈ ಹಳೆಯ ಯಂತ್ರದಲ್ಲಷ್ಟೇ ಓಡುತ್ತಿತ್ತು.

ಒಂದು ಕಾಲದಲ್ಲಿ ಜನ ಫೋಟೋ ಹಿಡಿದು ಅಂಗಡಿಗೇ ಬರುತ್ತಿದ್ದರು. ಅವನ ಎದುರಿನ ಕುರ್ಚಿಯಲ್ಲಿ ಕೂತು, ಹೇಗೆ ಹೋದರು ಎಂಬುದನ್ನು ಹೇಳುತ್ತಿದ್ದರು, ಅಥವಾ ಏನೂ ಹೇಳದೆ ಕೂತಿರುತ್ತಿದ್ದರು. ಈಗ ಫೋಟೋ ಫೋನಿನಿಂದ ಬರುತ್ತದೆ, ಜೊತೆಗೆ 'ಹಿಂದಿನ ಹಾಗೇ ಮಾಡಿ' ಎಂಬ ಒಂದು ಸಾಲು. ಕುರ್ಚಿಯ ಮೇಲೆ ಕಾಗದದ ಕಟ್ಟುಗಳು ಬಿದ್ದಿದ್ದವು.

ಅವನು ತಂತಿ ಕಿತ್ತ.

"ಒಳ್ಳೇದಾಯ್ತು. ಎಲ್ಲದರ ನಕಲು ಈ ಡಿಸ್ಕಲ್ಲಿದೆ, ಮನೇಲಿಡು. ಫೋಟೋ ತರಿಸ್ಕೊಳ್ಳೋಕೆ ನನ್ನ ಲ್ಯಾಪ್‌ಟಾಪ್ ತಂದ್ಕೊಡ್ತೀನಿ."

"ನೋಡೋಣ."

"ನೀನು ನೋಡೋಣ ಅಂದ್ರೆ ಬೇಡ ಅಂತ ಅರ್ಥ."

ಅವಳು ಹೋದ ಮೇಲೆ, ಫೋಟೋ ಕೈಯಲ್ಲೇ ತಂದುಕೊಡಬೇಕು ಎಂದು ಬರೆದು ಬಾಗಿಲಿಗೆ ಅಂಟಿಸಿದ. ಆ ವಾರ ಬಹಳ ಜನ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಗೆ ಹೋದರು. ಮಿಂಚೊ ಬೆಳಗ್ಗೆ ಬಾಗಿಲು ತೆಗೆದು, ಕುರ್ಚಿಯ ಮೇಲಿನ ಕಾಗದ ಎತ್ತಿಟ್ಟು ಕಾದ. ತಪ್ಪು ಮಾಡಿದೆನೇನೋ ಅನ್ನಿಸಿತು.

ಕೊನೆಗೆ ಬಂದವಳು ಗಾನಾ. ನಲವತ್ತನೆಯ ದಿನಕ್ಕೆ ಗಂಡ ನೆನೊನ ಚೀಟಿ ಬೇಕಿತ್ತು.

"ಮೊಮ್ಮಗಳು ಕೂತಲ್ಲಿಂದಲೇ ಕಳಿಸ್ತಿದ್ಳು. ಏನಯ್ಯಾ ಬಂದಿರೋದು ನಿನಗೆ?"

"ವೈರಸ್ಸಿನ ಭಯ, ಗಾನಮ್ಮ."

"ವೈರಸ್ಸು ಬಂದ್ರೆ ನೀನು ಮಲಗ್ಬೇಕು. ನಾನ್ಯಾಕೆ ಈ ಮಂಡಿ ಇಟ್ಕೊಂಡು ಏರು ಹತ್ಬೇಕು?"

ಬೈದುಕೊಂಡೇ ಕೂತಳು. ಪಾಸ್‌ಪೋರ್ಟಿಗೆ ತೆಗೆಸಿದ್ದ ಫೋಟೋ ಕೊಟ್ಟಳು. ಸ್ಕ್ಯಾನರಿಗೆ ಇಂಟರ್ನೆಟ್ಟಿನ ಹಂಗಿರಲಿಲ್ಲ. ನೆನೊನ ಮುಖ ಪರದೆಯ ಮೇಲೆ ಮೂಡಿತು. ಅವಳು ನೋಡುತ್ತಲೇ ಇದ್ದಳು. ಹೊರಗೆ ಒಂದು ಬಸ್ಸು ನಿಂತು, ಹೊರಟಿತು.

"ಇದು ಅವರಲ್ಲ," ಎಂದಳು. "ಆ ಮನುಷ್ಯ ಯಾವತ್ತಾದ್ರೂ ಹೀಗೆ ಬಿಗ್ದುಕೊಂಡು ಕೂತಿದ್ರಾ?"

ಕೈಚೀಲದಿಂದ ಇನ್ನೊಂದು ಫೋಟೋ ತೆಗೆದಳು. ಅದರಲ್ಲಿ ನೆನೊ ದ್ರಾಕ್ಷಿ ಬಳ್ಳಿಗಳ ಕೆಳಗೆ, ಬಾಯಿ ತುಂಬ ಏನೋ ಇಟ್ಟುಕೊಂಡು ನಗುತ್ತಿದ್ದ.

"ಈ ಚೀಟೀಲಿ ನಗ್ಬಹುದಾ?"

"ಬೇಡ ಅಂತ ಎಲ್ಲೂ ಬರೆದಿಲ್ಲ."

"ಜನ ಏನಂತಾರೆ?"

"ನಿಂತು ನೋಡ್ತಾರೆ."

ಅವಳು ಕಣ್ಣೊರೆಸಿಕೊಂಡು, ಶನಿವಾರ ಅವರ ಹೆಸರಲ್ಲಿ ಹಂಚೋಕೆ ಗೋಧಿ ಬೇಯಿಸ್ತೀನಿ, ಸ್ಮಶಾನಕ್ಕೆ ಬಾ ಎಂದು ಹೇಳಿ ಎದ್ದಳು.

ಸಂಜೆ ರಲಿತ್ಸಾ ಲ್ಯಾಪ್‌ಟಾಪ್ ತಂದಳು. "ಇಲ್ಲಿರೋರು ಬರ್ತಾರೆ ಮಾವ, ಸರಿ. ಸ್ಪೇನಲ್ಲಿ ದುಡಿಯೋ ಮಗ ಅವರಮ್ಮನ ಫೋಟೋ ಹೇಗೆ ತಂದ್ಕೊಡ್ತಾನೆ?"

ಅದನ್ನು ಅವನು ಯೋಚಿಸಿರಲಿಲ್ಲ. ಕೈ ಚಾಚಿ ಲ್ಯಾಪ್‌ಟಾಪ್ ತೆಗೆದುಕೊಂಡ.

"ದೂರ ಇರೋರಿಗೆ ಮಾತ್ರ. ಊರಿನೋರಿಗೆ ಬಾಗಿಲ ಮೇಲಿರೋದು ಹಾಗೇ ಇರಲಿ."

"ಯಾಕೆ? ಈಗ ಅಪಾಯ ಇಲ್ವಲ್ಲ."

"ಇರಲಿ ಬಿಡು."

ಅವಳು ಅವನನ್ನೊಮ್ಮೆ ನೋಡಿ, ಖಾಲಿ ಕುರ್ಚಿಯಲ್ಲಿ ಕೂತು, ಲ್ಯಾಪ್‌ಟಾಪಿನ ತಂತಿ ಜೋಡಿಸತೊಡಗಿದಳು. ಜನ ಆ ಕುರ್ಚಿಗೆ ಮತ್ತೆ ಬರಲಿ ಎಂದೇ ತಾನು ಆ ದಿನ ತಂತಿ ಕಿತ್ತದ್ದೆಂದು ಮಿಂಚೊ ಅವಳಿಗೆ ಎಂದೂ ಹೇಳಲಿಲ್ಲ.